ಕರಗಿದ ಮೂಳೆ ಮತ್ತೆ ಬರಬೇಕಾದರೆ

ವಸಡಿನ ಚಿಕಿತ್ಸೆಯೇ ನನ್ನ ವೃತ್ತಿ. ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ಕಿರಿಯರಿಗೆ, ಹಲ್ಲು ಅಲ್ಲಾಡುತ್ತಿದೆ ಎಂದು ಹೆದರಿದವರಿಗೆ ಈ ಮಾತುಗಳು.

1. ಮೊದಲು ಗುಂಡಿಯ ಆಕಾರ ನೋಡಿ. “ಡಾಕ್ಟ್ರೇ, ಕರಗಿದ ಮೂಳೆ ಮತ್ತೆ ಬೆಳೆಯುತ್ತಂತಲ್ಲ?” ಎಂದು ಕೇಳುವವರು ಈಗ ಹೆಚ್ಚು. ಬೆಳೆಯುತ್ತದೆ, ಆದರೆ ಎಲ್ಲ ಕಡೆ ಅಲ್ಲ. ಬೇರಿನ ಪಕ್ಕದ ಮೂಳೆ ಕಿರಿದಾಗಿ, ಆಳವಾಗಿ ಕರಗಿ, ಮೂರು ಕಡೆ ಗೋಡೆ ಉಳಿದಿದ್ದರೆ ಫಲ ಚೆನ್ನಾಗಿರುತ್ತದೆ. ಬಾಯಿ ತುಂಬ ಮೂಳೆ ಸಮನಾಗಿ ಇಳಿದುಹೋಗಿದ್ದರೆ ಏನು ತುಂಬಿದರೂ ಅದನ್ನು ಮೇಲಕ್ಕೆ ತರಲಾಗದು. ಎಕ್ಸ್‌ರೇ ತೋರಿಸಿ ಇದನ್ನು ಮೊದಲ ಭೇಟಿಯಲ್ಲೇ ಹೇಳಿಬಿಡಬೇಕು.

2. ನಿಧಾನದ ಕೋಶಗಳಿಗೆ ಜಾಗ ಕಾದಿಡಿ. ಗಾಯ ಮಾಯುವಾಗ ವಸಡಿನ ಮೇಲ್ಪದರದ ಕೋಶಗಳು ಬೇಗ ಓಡಿಬಂದು ಬೇರನ್ನು ಮುಚ್ಚಿಬಿಡುತ್ತವೆ. ಹಲ್ಲನ್ನು ಮೂಳೆಗೆ ಹಿಡಿದಿಡುವ ನಾರಿನ ಕೋಶಗಳು ಬರುವಷ್ಟರಲ್ಲಿ ಅವಕ್ಕೆ ಜಾಗವೇ ಉಳಿದಿರುವುದಿಲ್ಲ. ಈ ಪೈಪೋಟಿಯನ್ನು 1976ರಲ್ಲಿ ಮೆಲ್ಷರ್ ವಿವರಿಸಿದರು. 1982ರಲ್ಲಿ ನೈಮನ್ ಮತ್ತು ಸಂಗಡಿಗರು ಒಬ್ಬ ರೋಗಿಯ ಕೆಳಗಿನ ಬಾಚಿಹಲ್ಲಿನ ಬೇರಿಗೆ ಪ್ರಯೋಗಾಲಯದ ಮಿಲ್ಲಿಪೋರ್ ಫಿಲ್ಟರನ್ನೇ ಅಡ್ಡ ಇಟ್ಟು, ಅದರ ಹಿಂದೆ ಹೊಸ ಜೋಡಣೆ ಬೆಳೆದದ್ದನ್ನು ತೋರಿಸಿದರು. ನಾವು ಇಂದು ಬಳಸುವ ಕೊಲಾಜೆನ್ ಮೆಂಬ್ರೇನ್‌ಗಳೆಲ್ಲ ಅದೇ ವಿಚಾರದ ಮೇಲೆ ನಿಂತಿವೆ.

3. ಏನು ಹಾಕುತ್ತೀರೋ ಹೇಳಿಯೇ ಹಾಕಿ. ಎಮ್ಡೊಗೇನ್ ಎಂಬ ಜೆಲ್ ತಯಾರಾಗುವುದು ಹಂದಿಮರಿಯ ಬೆಳೆಯುತ್ತಿರುವ ಹಲ್ಲಿನ ಪ್ರೋಟೀನಿನಿಂದ. ಗುಂಡಿಗೆ ತುಂಬುವ ಹಲವು ಗ್ರಾಫ್ಟ್‌ಗಳು ದನದ ಮೂಳೆಯವು. “ನಮ್ಮನೇಲಿ ಮೊಟ್ಟೇನೂ ಒಳಗೆ ತರಲ್ಲ ಕಣಮ್ಮ” ಎಂದ ಅಜ್ಜಿಯೊಬ್ಬರಿಗೆ ನಾನು ಇದನ್ನು ಬಿಡಿಸಿ ಹೇಳಿದೆ. ಅವರು ಕೃತಕ ಹೈಡ್ರಾಕ್ಸಿಅಪಟೈಟ್ ಪುಡಿಯನ್ನೂ ತಮ್ಮದೇ ರಕ್ತದಿಂದ ಮಾಡುವ ಪಿಆರ್‌ಎಫ್ (ಪ್ಲೇಟ್‌ಲೆಟ್ ದಟ್ಟವಾಗಿರುವ ಫೈಬ್ರಿನ್) ಗೆಡ್ಡೆಯನ್ನೂ ಆರಿಸಿಕೊಂಡರು. ಹಂದಿಯೋ ದನವೋ ಕೂಡದು ಎನ್ನುವವರು ನಮ್ಮ ಊರುಗಳಲ್ಲಿ ಎಲ್ಲ ಧರ್ಮಗಳಲ್ಲೂ ಇದ್ದಾರೆ. ಒಪ್ಪಿಗೆ ಪತ್ರದ ಸಣ್ಣ ಅಕ್ಷರಗಳಲ್ಲಿ ಇದನ್ನು ಅಡಗಿಸುವುದು ಅನ್ಯಾಯ.

4. ಪಿಆರ್‌ಎಫ್‌ಗೆ ನಿಮಿಷಗಳೇ ಮುಖ್ಯ. ಫ್ರಾನ್ಸಿನ ಷುಕ್ರುನ್ 2001ರಲ್ಲಿ ಮುಂದಿಟ್ಟ ಈ ವಿಧಾನದ ಖರ್ಚು ಕಡಿಮೆ, ಜಿಲ್ಲಾ ಕೇಂದ್ರದ ಕ್ಲಿನಿಕ್ಕಿಗೂ ಎಟುಕುವಂಥದ್ದು. ತೋಳಿನಿಂದ 10 ಮಿ.ಲೀ. ರಕ್ತ ತೆಗೆದು, ಹೆಪ್ಪುಗಟ್ಟದಂತೆ ತಡೆಯುವ ಯಾವ ಔಷಧವನ್ನೂ ಬೆರೆಸದೆ, ಕೂಡಲೇ ಸೆಂಟ್ರಿಫ್ಯೂಜ್‌ಗೆ ಇಡಬೇಕು. ನಿಮಿಷಕ್ಕೆ 2700 ಸುತ್ತಿನಂತೆ 12 ನಿಮಿಷ ತಿರುಗಿದ ಮೇಲೆ ಕೊಳವೆಯ ತಳದಲ್ಲಿ ಕೆಂಪು, ಮೇಲೆ ತಿಳಿ ಪ್ಲಾಸ್ಮಾ, ನಡುವೆ ಗಂಜಿಯ ಕೆನೆಯಂತೆ ಹಳದಿ ಗೆಡ್ಡೆ ಕಾಣುತ್ತದೆ. ಅದನ್ನು ಚಿಮಟದಲ್ಲಿ ಎತ್ತಿ ಕೆಂಪು ಭಾಗವನ್ನು ಕತ್ತರಿಸುವಾಗ ಅಂಚಿನಲ್ಲಿ ಒಂದಿಷ್ಟು ಕೆಂಪು ಉಳಿಸಿಕೊಳ್ಳಿ. ಪ್ಲೇಟ್‌ಲೆಟ್‌ಗಳೂ ಬಿಳಿ ರಕ್ತಕಣಗಳೂ ದಟ್ಟವಾಗಿರುವುದು ಅಲ್ಲೇ. ರಕ್ತ ತೆಗೆದ ಮೇಲೆ ಯಂತ್ರಕ್ಕೆ ಇಡುವುದು ತಡವಾದರೆ ಗಟ್ಟಿ ಗೆಡ್ಡೆ ಸಿಗುವುದಿಲ್ಲ. ಸಿರಿಂಜ್ ಹಿಡಿಯುವ ಮುನ್ನವೇ ಎದುರಿಗೆ ಸಮತೂಕದ ಕೊಳವೆ ಇಟ್ಟು ಯಂತ್ರವನ್ನು ಸಿದ್ಧವಾಗಿರಿಸಿ.

5. ಬೀಡಿ, ಸಿಗರೇಟು, ಹೊಗೆಸೊಪ್ಪು ನಿಲ್ಲುವವರೆಗೆ, ಸಕ್ಕರೆ ಹಿಡಿತಕ್ಕೆ ಬರುವವರೆಗೆ, ದಿನಾ ಹಲ್ಲುಸಂದಿಯ ಬ್ರಶ್ ಬಳಸುವುದು ರೂಢಿಯಾಗುವವರೆಗೆ ಕತ್ತಿ ಹಿಡಿಯಬೇಡಿ. ಇದರಲ್ಲಿ ನನಗೆ ರಾಜಿಯಿಲ್ಲ.

6. ಹೊಲಿಗೆ ಹಾಕಿದ ಮೇಲೆ ಕೈ ಕಟ್ಟಿ ಕೂರಬೇಕು. ಮೊದಲ ವಾರಗಳಲ್ಲಿ ಆ ಜಾಗಕ್ಕೆ ಬ್ರಶ್ ಬೇಡ, ಕ್ಲೋರ್‌ಹೆಕ್ಸಿಡಿನ್‌ನಿಂದ ಬಾಯಿ ಮುಕ್ಕಳಿಸಿದರೆ ಸಾಕು. ವಸಡಿನ ಆಳ ಅಳೆಯುವ ಪ್ರೋಬ್ ಕಡ್ಡಿಯನ್ನು ಆರು ತಿಂಗಳು ಇಳಿಸಬೇಡಿ. ಎಳೆಯ ಜೋಡಣೆ ಹರಿದೀತು. ಮೂಳೆ ಎಷ್ಟು ತುಂಬಿದೆ ಎಂದು ಎಕ್ಸ್‌ರೇಯಲ್ಲಿ ನೋಡಲು ಒಂದು ವರ್ಷ ಬೇಕು.

7. ಹೊಸತಿಗಾಗಿ ಕಾಯಬೇಡಿ. ಹಲ್ಲಿನ ನಾರಿನಲ್ಲಿ ಕಾಂಡಕೋಶಗಳಿವೆ ಎಂಬುದು 2004ರಲ್ಲೇ ಪ್ರಕಟವಾಯಿತು. ಜಪಾನ್ 2016ರಲ್ಲಿ ವಸಡಿನ ಚಿಕಿತ್ಸೆಗೆಂದು ಟ್ರಾಫರ್ಮಿನ್ ಎಂಬ ಔಷಧಕ್ಕೆ ಒಪ್ಪಿಗೆ ಕೊಟ್ಟಿತು. ಇವು ನನಗೂ ಭರವಸೆ ತಂದಿವೆ. ಆದರೆ “ಸ್ಟೆಮ್ ಸೆಲ್ ಬಂದ ಮೇಲೆ ಮಾಡಿಸ್ತೀನಿ” ಎನ್ನುವವರ ಹಲ್ಲು-ವಸಡಿನ ನಡುವಿನ 6 ಮಿ.ಮೀ. ಪಾಕೆಟ್ ಅಷ್ಟರಲ್ಲಿ 9 ಆಗಿ, ಹಲ್ಲು ಕೀಳಿಸುವ ಸ್ಥಿತಿಗೆ ಬಂದೀತು. ಅಂಥವರನ್ನು ಅದೇ ದಿನ ಸ್ಕೇಲಿಂಗ್‌ಗೆ ಕೂರಿಸುತ್ತೇನೆ.