ನೀರಿನ ಮೇಲಿರುವವರು ನೀರೊಳಗಿರುವವರನ್ನು ಕಾಯಬೇಕು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಿಂದ ಕಡಲ ಕಡೆ ಪ್ರವಾಸ ಹೊರಡುವವರ ಗಮನಕ್ಕೆ. ತುಂಗಭದ್ರೆಯ ಹಿನ್ನೀರಿನಲ್ಲಿ ಮೋಟಾರು ದೋಣಿ ಓಡಿಸುವವರ ಗಮನಕ್ಕೂ.

ನಮ್ಮದು ಬಯಲುಸೀಮೆ. ಕೆರೆ ತುಂಬಿದರೆ ಬಾಗಿನ ಬಿಡುವ ಜನ ನಾವು. ಮುರುಡೇಶ್ವರಕ್ಕೋ ಗೋಕರ್ಣಕ್ಕೋ ಮಲ್ಪೆಗೋ ಹೋದಾಗ ಜೆಟ್ ಸ್ಕೀ ಕಂಡರೆ ನಮ್ಮ ಹುಡುಗರಿಗೆ ಆಸೆಯಾಗುವುದು ಸಹಜ. ಹತ್ತಿ. ಆದರೆ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದಲ್ಲಿ ನೇತ್ರಾಣಿ ದ್ವೀಪವಿದೆ. ಅಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸ್ಕೂಬಾ ಡೈವಿಂಗ್ ಮಾಡುವವರು ನೀರಿನ ಕೆಳಗಿರುತ್ತಾರೆ. ದಡದ ಹತ್ತಿರವೂ ಈಜುವವರು, ಮುಖಕ್ಕೆ ಮಾಸ್ಕ್ ಹಾಕಿ ಮೀನು ನೋಡುವವರು ಇರುತ್ತಾರೆ. ನೀವು ಅವರನ್ನು ಕಾಣಲಾರಿರಿ. ಈ ಸೂಚನೆ ಅದಕ್ಕಾಗಿ.

ಮಾಡಬಾರದ್ದು

ಜೆಟ್ ಸ್ಕೀಯನ್ನು ಬೈಕ್ ಎಂದುಕೊಳ್ಳಬೇಡಿ. ಇದೊಂದು ಮಾತು ತಲೆಯಲ್ಲಿ ನಿಂತರೆ ಅರ್ಧ ಅಪಾಯ ತಪ್ಪಿದಂತೆ. ಅದು ನೀರನ್ನು ಒಳಗೆ ಎಳೆದು ಹಿಂದಕ್ಕೆ ರಭಸವಾಗಿ ಚಿಮ್ಮಿಸಿ ಮುಂದಕ್ಕೆ ಹೋಗುವ ಗಾಡಿ. ಹ್ಯಾಂಡಲ್ ತಿರುಗಿಸಿದಾಗ ತಿರುಗುವುದು ಆ ನೀರಿನ ಧಾರೆಯೇ. ಹಾಗಾಗಿ ಎದುರಿಗೆ ಯಾರೋ ಕಂಡರೆಂದು ಗಾಬರಿಯಲ್ಲಿ ಆಕ್ಸಿಲರೇಟರ್ ಬಿಟ್ಟರೆ ಧಾರೆ ನಿಲ್ಲುತ್ತದೆ. ಹ್ಯಾಂಡಲ್ ಎಷ್ಟು ತಿರುಗಿಸಿದರೂ ಗಾಡಿ ನೇರವಾಗಿ ಆ ವ್ಯಕ್ತಿಯ ಮೇಲೇ ಹೋಗುತ್ತದೆ. ಎಷ್ಟೋ ಗಾಡಿಗಳಿಗೆ ಬ್ರೇಕೇ ಇಲ್ಲ. ರಸ್ತೆಯಲ್ಲಿ ಎಷ್ಟೇ ಪಳಗಿದ ಕೈಯಾದರೂ ಇಲ್ಲಿ ಅದು ಹೊಸ ಕೈ.

ಬಾವುಟ ಕಂಡ ಕಡೆ ಹೋಗಬೇಡಿ. ಕೆಂಪು ಬಟ್ಟೆಯ ಮೇಲೆ ಓರೆಯಾಗಿ ಬಿಳಿ ಪಟ್ಟಿ ಇದ್ದರೆ, ಅಥವಾ ಬಿಳಿ–ನೀಲಿ ಬಾವುಟದ ಅಂಚು ಹಾವಿನ ನಾಲಿಗೆಯಂತೆ ಸೀಳಿದ್ದರೆ, ಕೆಳಗೆ ಜನರಿದ್ದಾರೆ ಎಂದೇ ಅರ್ಥ. ನೀರಿನ ಮೇಲೆ ಕಿತ್ತಳೆ ಬಣ್ಣದ ಉದ್ದನೆಯ ಬಲೂನು ನಿಂತಿದ್ದರೂ, ಒಂದೇ ಕಡೆ ಗುಳ್ಳೆ ಏಳುತ್ತಿದ್ದರೂ ಅದೇ ಅರ್ಥ. ಅಮೆರಿಕದ ಫ್ಲಾರಿಡಾದಲ್ಲಿ ತೆರೆದ ನೀರಿನಲ್ಲಿ ಇಂಥ ಬಾವುಟದಿಂದ 300 ಅಡಿ ದೂರವಿರಬೇಕೆಂದು ಕಾನೂನೇ ಹೇಳುತ್ತದೆ. ಅದರೊಳಗೆ ಹೋಗಲೇಬೇಕಾದರೆ ಎಂಜಿನ್ ಕುಂಟುವಷ್ಟು ನಿಧಾನ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಆ 300 ಅಡಿ ಆರು ಸೆಕೆಂಡೊಳಗೆ ಮುಗಿದುಹೋಗುತ್ತದೆ.

"ಸದ್ದು ಕೇಳಿ ಅವರೇ ಪಕ್ಕಕ್ಕೆ ಸರಿಯಲಿ" ಎನ್ನಬೇಡಿ. ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟು ಹೆಚ್ಚು ವೇಗವಾಗಿ ಹರಿಯುತ್ತದೆ. ಎರಡೂ ಕಿವಿಗೆ ಹೆಚ್ಚುಕಡಿಮೆ ಒಮ್ಮೆಗೇ ಮುಟ್ಟುವುದರಿಂದ ಗಾಡಿ ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಕೆಳಗಿದ್ದವರಿಗೆ ಗೊತ್ತಾಗುವುದಿಲ್ಲ. ಗೊತ್ತಾದರೂ ಓಡುವಂತಿಲ್ಲ. ಅವರು ನಿಮಿಷಕ್ಕೆ ಸುಮಾರು 9 ಮೀಟರ್‌ನಂತೆ ನಿಧಾನಕ್ಕೆ ಏರಬೇಕು, 5 ಮೀಟರ್ ಆಳದಲ್ಲಿ ಮೂರು ನಿಮಿಷ ತಡೆಯಬೇಕು. ಅವಸರಪಟ್ಟರೆ ಮೈಯಲ್ಲಿ ಕರಗಿದ್ದ ಸಾರಜನಕ ಗುಳ್ಳೆಯಾಗಿ ಜೀವಕ್ಕೇ ಕುತ್ತು. ಕೊನೆಗೆ ಮೇಲೆ ಬಂದಾಗ ಕಾಣುವುದು ಒಂದು ತೆಂಗಿನಕಾಯಿಯಷ್ಟು ತಲೆ, ಅದೂ ಅಲೆಯ ನಡುವೆ. ತಪ್ಪಿಸಿಕೊಳ್ಳುವ ಶಕ್ತಿ ಅವರಿಗಿಲ್ಲ. ತಪ್ಪಿಸುವ ಹೊಣೆ ಪೂರ್ತಿ ನಿಮ್ಮದು.

ಕುಡಿದು ಹತ್ತಬೇಡಿ. ವಿಡಿಯೋಗಾಗಿ ಈಜುವವರ ಸುತ್ತ ಗಿರಕಿ ಹೊಡೆಯಬೇಡಿ. ಮಕ್ಕಳ ಕೈಗೆ ಹ್ಯಾಂಡಲ್ ಕೊಡಬೇಡಿ.

ಮಾಡಬೇಕಾದ್ದು

ಲೈಫ್ ಜಾಕೆಟ್ ತೊಟ್ಟು ಬಕಲ್ ಹಾಕಿಕೊಳ್ಳಿ. ಎಂಜಿನ್ ಆರಿಸುವ ಸುರುಳಿ ದಾರವನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳಿ. ನೀವು ಬಿದ್ದರೆ ಗಾಡಿ ತಾನೇ ಆರಬೇಕು. ಡೈವಿಂಗ್ ದೋಣಿ ಎಲ್ಲಿ ನಿಂತಿದೆ, ಗಾಡಿ ಓಡಿಸುವ ಗಡಿ ಎಲ್ಲಿಯವರೆಗೆ ಎಂದು ಬಾಡಿಗೆಗೆ ಕೊಡುವವರನ್ನು ಮೊದಲೇ ಕೇಳಿ. ಹೇಳಲಾರದವರ ಬಳಿ ಗಾಡಿ ತೆಗೆದುಕೊಳ್ಳಬೇಡಿ.

ದಡದ ಕಾವಲಿನವರು ಬೇಡವೆಂದರೆ ಬೇಡ, ಅಷ್ಟೇ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ನೀರುಪಾಲಾದರು. ಅವರೂ ನಮ್ಮ ಮಕ್ಕಳಂತೆ ಬಯಲುಸೀಮೆಯ ಮಕ್ಕಳು. ಅದೇ ತಿಂಗಳು ಮುಂಬೈಯಲ್ಲಿ ಎಂಜಿನ್ ಪರೀಕ್ಷೆಗೆ ಹೊರಟಿದ್ದ ವೇಗದ ದೋಣಿ ಹತೋಟಿ ತಪ್ಪಿ ಪ್ರಯಾಣಿಕರ ದೋಣಿಗೆ ಬಡಿದು ಹನ್ನೆರಡಕ್ಕೂ ಹೆಚ್ಚು ಜನ ಸತ್ತರು. ನೀರಿನ ಮೇಲೆ ವೇಗವೆಂದರೆ ಇದು.

ನೀವೇ ಸ್ಕೂಬಾ ಮಾಡಿದ್ದರೆ ಇನ್ನೊಂದು ಮಾತು. ಬೆಳಿಗ್ಗೆ ಮುಳುಗಿ, ಸಂಜೆಯೇ ಬಸ್ಸು ಹತ್ತಿ ಘಟ್ಟ ಏರುವುದು ನಮ್ಮವರ ರೂಢಿ. ನಮ್ಮೂರುಗಳು ಸಮುದ್ರಮಟ್ಟದಿಂದ 500 ಮೀಟರಿಗೂ ಹೆಚ್ಚು ಎತ್ತರದಲ್ಲಿವೆ. ಮುಳುಗಿದ ಕೂಡಲೇ ಅಷ್ಟು ಎತ್ತರಕ್ಕೆ ಏರಿದರೂ ಮೈಯಲ್ಲಿ ಉಳಿದ ಸಾರಜನಕ ಗುಳ್ಳೆಯಾಗಬಹುದು. ಒಂದೇ ಸಲ ಮುಳುಗಿದರೂ ವಿಮಾನ ಹತ್ತುವ ಮೊದಲು ಕನಿಷ್ಠ 12 ಗಂಟೆ ಬಿಡಬೇಕೆಂಬ ಪದ್ಧತಿಯಿದೆ. ಎತ್ತರಕ್ಕೆ ಏರುವ ರಸ್ತೆಗೂ ಅದೇ ಎಚ್ಚರ ಬೇಕು. ಬೋಧಕರನ್ನು ಕೇಳಿ, ಆ ರಾತ್ರಿ ಅಲ್ಲೇ ಉಳಿದು ಬನ್ನಿ.

ನಮ್ಮ ಹೊಳೆಯಲ್ಲೂ

ತುಂಗಭದ್ರಾ ಹಿನ್ನೀರು ಹಗರಿಬೊಮ್ಮನಹಳ್ಳಿ, ಹಡಗಲಿಯ ಹೊಲಗಳ ಅಂಚಿಗೆ ಬಂದು ನಿಲ್ಲುತ್ತದೆ. ಅಲ್ಲಿ ತೆಪ್ಪದಲ್ಲಿ ಕೂತು ಬಲೆ ಬಿಡುವವರಿದ್ದಾರೆ. ಬಲೆ ಮುಳ್ಳಿಗೆ ಸಿಕ್ಕರೆ ಬಿಡಿಸಲು ಬರಿಮೈಯಲ್ಲಿ ಮುಳುಗುವವರೂ ಅವರೇ. ಅವರ ಬಳಿ ಯಾವ ಬಾವುಟವೂ ಇಲ್ಲ. ಖಾಲಿ ತೆಪ್ಪ ಕಂಡರೆ ಕೆಳಗೆ ಮನುಷ್ಯನಿದ್ದಾನೆಂದೇ ತಿಳಿದು ಮೋಟಾರು ಆರಿಸಿ. ತೇಲುವ ಥರ್ಮಾಕೋಲ್ ಚೂರು, ಬಾಟಲಿ ಬಲೆಯ ಗುರುತು; ದಾಟಬೇಡಿ. ಮೈಲಾರದ ಜಾತ್ರೆಯಲ್ಲಿ ಜನ ಹೊಳೆಗಿಳಿದು ಮೀಯುವ ಕಡೆ ಮೋಟಾರು ಬರಲೇಕೂಡದು. ಮುಳುಗಿದವರಿಗಾಗಿ ಅಗ್ನಿಶಾಮಕದವರು ಹುಡುಕುತ್ತಿದ್ದರೆ ನೋಡಲೆಂದು ದೋಣಿ ಹತ್ತಿರ ತರಬೇಡಿ. ಹಕ್ಕಿಗಳಿಗಾಗಿ 2024ರಲ್ಲಿ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿ ಸೇರಿದ ಅಂಕಸಮುದ್ರ ಕೆರೆಯ ಹತ್ತಿರವಂತೂ ಎಂಜಿನ್ನಿನ ಮಾತೇ ಬೇಡ.

ಯಾರಿಗಾದರೂ ಪೆಟ್ಟಾದರೆ ಗಾಡಿ ಬಿಟ್ಟು ಓಡಿಹೋಗಬೇಡಿ. ಎಂಜಿನ್ ಆರಿಸಿ, ತಲೆ ನೀರಿನ ಮೇಲಿರುವಂತೆ ಹಿಡಿದುಕೊಂಡು ಕೂಗಿ. ಎಲ್ಲಿದ್ದರೂ 112ಕ್ಕೆ, ಕರಾವಳಿಯಲ್ಲಾದರೆ ಕರಾವಳಿ ಕಾವಲು ಪೊಲೀಸರ 1093ಕ್ಕೆ ಫೋನ್ ಮಾಡಿ. ಪ್ರವಾಸ ಹೊರಡುವ ಮುನ್ನ ಈ ಎರಡು ನಂಬರು ಬಸ್ಸಿನಲ್ಲಿರುವ ಎಲ್ಲರ ಫೋನಿನಲ್ಲೂ ಇರಲಿ.