ನಕ್ಷೆಯ ಅಕ್ಷರ ಪ್ರಿಂಟಿನಲ್ಲಿ ಕೆಟ್ಟರೆ

ಪ್ಲಾಟರ್‌ನಿಂದ ಎ1 ಹಾಳೆ ಹೊರಬಂದಿದೆ. ಗೆರೆಗಳೆಲ್ಲ ಸರಿ. ಆದರೆ ಕಾಲಂ ಷೆಡ್ಯೂಲ್‌ನಲ್ಲಿ ಕಂಬಿಯ ವ್ಯಾಸದ ಗುರುತು ಇರಬೇಕಾದಲ್ಲೆಲ್ಲ ಪ್ರಶ್ನೆ ಚಿಹ್ನೆ. ಟೈಟಲ್ ಬ್ಲಾಕ್‌ನಲ್ಲಿ ‘ನುಡಿ’ ಕನ್ನಡ ಫಾಂಟ್ ಬಳಸಿ ಟೈಪ್ ಮಾಡಿದ್ದ ಮಾಲೀಕರ ಹೆಸರು, ತಲೆ ಮೇಲೆ ಗೆರೆ ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿದೆ. ಆಗ ಪ್ಲಾಟ್ ಅಂಗಡಿಯ ಹುಡುಗನ ಮೇಲೆ ರೇಗುವವರನ್ನು ಎಷ್ಟೋ ಸಲ ನೋಡಿದ್ದೇನೆ. ತಪ್ಪು ಅವನದಲ್ಲ. ಆಟೋಕ್ಯಾಡ್‌ನ ಡಿಡಬ್ಲ್ಯುಜಿ ಫೈಲ್ ಫಾಂಟನ್ನು ಹೊತ್ತು ಹೋಗುವುದಿಲ್ಲ, ಅದರ ಹೆಸರನ್ನಷ್ಟೇ ಒಯ್ಯುತ್ತದೆ. ಆ ಹೆಸರಿನದು ಅಂಗಡಿಯ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಬೇರೊಂದು, ಸಾಮಾನ್ಯವಾಗಿ ಸಿಂಪ್ಲೆಕ್ಸ್, ಆ ಜಾಗಕ್ಕೆ ಬಂದು ಕೂರುತ್ತದೆ.

ಮೊದಲು ಯಾವ ಫಾಂಟ್ ಇಲ್ಲ ಎಂದು ತಿಳಿಯಿರಿ. ಸ್ಟೈಲ್ ಕಮ್ಯಾಂಡ್ ಕೊಟ್ಟು ಒಂದೊಂದೇ ಟೆಕ್ಸ್ಟ್ ಸ್ಟೈಲ್ ಆರಿಸಿ ನೋಡಿ. ಸಿಗದ ಫಾಂಟಿನ ಹೆಸರಿನ ಪಕ್ಕ ಹಳದಿ ತ್ರಿಕೋನ ಕಾಣುತ್ತದೆ. ಹೆಸರಿನ ಕೊನೆಯಲ್ಲಿ ಎಸ್‌ಎಚ್‌ಎಕ್ಸ್ ಇದ್ದರೆ ಅದು ಆಟೋಕ್ಯಾಡ್‌ನದೇ ಗೆರೆ ಅಕ್ಷರ. ಆ ಫೈಲನ್ನು ನಕ್ಷೆ ಕಳಿಸಿದವರಿಂದಲೇ ತರಿಸಿಕೊಂಡು ಆಟೋಕ್ಯಾಡ್‌ನ ಫಾಂಟ್ಸ್ ಫೋಲ್ಡರಿಗೆ ಹಾಕಿ. ಫೈಲ್ ತೆರೆಯುವಾಗ ಆಟೋಕ್ಯಾಡ್ ಬದಲಿ ಫಾಂಟ್ ಕೇಳಬಹುದು. ಅವಸರದಲ್ಲಿ ಯಾವುದೋ ಒಂದನ್ನು ಆರಿಸಿ ಓಕೆ ಒತ್ತಬೇಡಿ. ಬದಲಿ ಅಕ್ಷರ ಅಗಲವಾಗಿ, ರಿಂಗ್‌ಗಳ ಅಂತರ 150 ಎಂದಿದ್ದುದರ ಕೊನೆಯ ಸೊನ್ನೆ ಪಕ್ಕದ ಗೆರೆಯೊಳಗೆ ಸೇರಿ 15 ಎಂದು ಕಾಣುವ ಹಾಳೆಯನ್ನು ನಾನು ಕೈಯಲ್ಲಿ ಹಿಡಿದಿದ್ದೇನೆ. ಸೈಟಿನಲ್ಲಿ ಕಂಬಿ ಕಟ್ಟುವವರು ನಂಬುವುದು ಆ ಹಾಳೆಯನ್ನೇ.

ನುಡಿ, ಏರಿಯಲ್‌ನಂಥವು ವಿಂಡೋಸ್‌ನ ಟ್ರೂಟೈಪ್ ಫಾಂಟ್‌ಗಳು. ಹೆಚ್ಚು ಜನ ಎಡವುವುದು ಇಲ್ಲೇ. ಫಾಂಟ್ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಇನ್‌ಸ್ಟಾಲ್’ ಒತ್ತುತ್ತಾರೆ. ವರ್ಡ್‌ನಲ್ಲಿ ಕನ್ನಡ ಚೆನ್ನಾಗಿ ಮೂಡುತ್ತದೆ. ಆಟೋಕ್ಯಾಡ್‌ನ ಪಟ್ಟಿಯಲ್ಲಿ ಮಾತ್ರ ಆ ಹೆಸರೇ ಇಲ್ಲ. ಮತ್ತೆ ಹಾಕುತ್ತಾರೆ, ಮತ್ತೆ ಇಲ್ಲ. ಕೊನೆಗೆ ಸಾಫ್ಟ್‌ವೇರನ್ನೇ ತೆಗೆದು ಹಾಕಿ, ಅರ್ಧ ದಿನ ಕಳೆದುಕೊಂಡವರಿದ್ದಾರೆ. ಕಾರಣ ಇಷ್ಟೇ: ವಿಂಡೋಸ್ 10ರ 2018ರ ಅಪ್‌ಡೇಟ್‌ನಿಂದೀಚೆಗೆ ಬರೀ ‘ಇನ್‌ಸ್ಟಾಲ್’ ಎಂದರೆ ಫಾಂಟ್ ನಿಮ್ಮೊಬ್ಬರ ಖಾತೆಯ ಫೋಲ್ಡರಿಗೆ ಹೋಗುತ್ತದೆ, ವಿಂಡೋಸ್‌ನ ಮುಖ್ಯ ಫಾಂಟ್ಸ್ ಫೋಲ್ಡರಿಗಲ್ಲ. ಖಾತೆಯ ಫೋಲ್ಡರಿನಲ್ಲಿರುವುದು ಆಟೋಕ್ಯಾಡ್‌ನ ಕಣ್ಣಿಗೆ ಹಲವು ಸಲ ಬೀಳುವುದಿಲ್ಲ. ಅದೇ ಮೆನುವಿನಲ್ಲಿ ಕೆಳಗಿರುವ ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಆರಿಸಿ. ಅಡ್ಮಿನ್ ಪಾಸ್‌ವರ್ಡ್ ಕೇಳಬಹುದು, ಕೊಡಿ. ಆಟೋಕ್ಯಾಡನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಮುಚ್ಚದೆ ‘ಇನ್ನೂ ಬರಲಿಲ್ಲ’ ಎನ್ನುವವರೂ ಕಡಿಮೆಯಿಲ್ಲ.

ಅಕ್ಷರ ಟೊಳ್ಳಾಗಿ, ಅಂಚು ಮಾತ್ರ ಪ್ರಿಂಟ್ ಆದರೆ ಟೆಕ್ಸ್ಟ್‌ಫಿಲ್ 1 ಮಾಡಿ. ಅಕ್ಷರದ ಜಾಗದಲ್ಲಿ ಖಾಲಿ ಚೌಕಟ್ಟು ಬಂದರೆ ಕ್ಯೂಟೆಕ್ಸ್ಟ್ ಆಫ್ ಮಾಡಿ ರೀಜೆನ್ ಕೊಡಿ. ಎಸ್‌ಎಚ್‌ಎಕ್ಸ್ ಅಕ್ಷರ ಮಸಿ ಮೆತ್ತಿದಂತೆ ದಪ್ಪವಾದರೆ ಆ ಲೇಯರ್‌ನ ಲೈನ್‌ವೇಟ್ ಇಳಿಸಿ.

ಅಂಗಡಿಗೆ ಡಿಡಬ್ಲ್ಯುಜಿ ಒಯ್ಯುವುದನ್ನು ಬಿಡಬೇಕೆಂದೇ ನನ್ನ ಸಲಹೆ. ಕೊಡಲೇಬೇಕಾದರೆ ಈಟ್ರಾನ್ಸ್‌ಮಿಟ್‌ನಲ್ಲಿ ಫಾಂಟ್ ಸೇರಿಸುವ ಗುರುತು ಹಾಕಿ ಜಿಪ್ ಮಾಡಿ ಕೊಡಿ. ಇಲ್ಲವಾದರೆ ಪಿಡಿಎಫ್. ಪ್ಲಾಟ್ ಕಿಟಕಿಯಲ್ಲಿ ‘ಡಿಡಬ್ಲ್ಯುಜಿ ಟು ಪಿಡಿಎಫ್’ ಆರಿಸಿ, ಪಿಡಿಎಫ್ ಆಪ್ಷನ್ಸ್‌ನಲ್ಲಿ ಫಾಂಟ್ ಸೇರಿಸುವ ಗುರುತು ಇದೆಯೇ ನೋಡಿ. ಕನ್ನಡ ಇದ್ದರೆ ಅಕ್ಷರಗಳನ್ನೆಲ್ಲ ಗೆರೆಯಾಗಿಸುವ ಆಯ್ಕೆಯೇ ವಾಸಿ. ಪಿಡಿಎಫ್‌ನಲ್ಲಿ ಅಕ್ಷರದ ಸುತ್ತ ಕಾಮೆಂಟ್ ಚೌಕ ಕಂಡರೆ ಪಿಡಿಎಫ್‌ಎಸ್‌ಎಚ್‌ಎಕ್ಸ್ ಅನ್ನು 0 ಮಾಡಿ. ವ್ಯಾಸದ ಗುರುತು, ಕನ್ನಡ ಹೆಸರು ಎರಡನ್ನೂ ಪರದೆ ಮೇಲೆ ದೊಡ್ಡದು ಮಾಡಿ ಓದಿದ ಮೇಲೆಯೇ ಪೆನ್ ಡ್ರೈವಿಗೆ ಹಾಕಿ.