ತರಬೇತಿಯ ಫಲವನ್ನು ಅಳೆಯುವ ಬಗೆ

ಉಪಾಧ್ಯಾಯಿನಿಯರನ್ನು ಸಿದ್ಧಪಡಿಸುವ ತರಬೇತು ಶಾಲೆಯ ಯೋಗ್ಯತೆಯನ್ನು ತಿಳಿಯುವುದು ಹೇಗೆ? ಅಲ್ಲಿಂದ ಹೊರಟವರು ಕಲಿಸಿದ ಮಕ್ಕಳ ಪರೀಕ್ಷೆಯ ಅಂಕಗಳಿಂದ ಎಂದು ಕೆಲವರು ಹೇಳುವರು. ಈ ಮಾತು ಯುಕ್ತವಾಗಿ ತೋರಿದರೂ ವಿಚಾರಿಸಿ ನೋಡತಕ್ಕದ್ದಾಗಿದೆ.

ಅಂಕಗಳಿಂದ ಶಾಲೆಯನ್ನು ತೂಗುವುದು ಹೊಸತಲ್ಲ. 1862ರಲ್ಲಿ ಇಂಗ್ಲೆಂಡಿನಲ್ಲಿ ಮಕ್ಕಳ ಓದು, ಬರಹ, ಲೆಕ್ಕಗಳ ಫಲಿತಾಂಶಕ್ಕೆ ತಕ್ಕಂತೆ ಶಾಲೆಗಳಿಗೆ ಸಹಾಯಧನವನ್ನು ಕೊಡುವ ನಿಯಮವು ಏರ್ಪಟ್ಟಿತು. ಕೆಮ್ಮಣ್ಣು, ಉಡುಪಿಗಳು ಆಗ ಸೇರಿದ್ದ ಮದ್ರಾಸು ಪ್ರಾಂತ್ಯದಲ್ಲಿಯೂ ಅದೇ ಶತಮಾನದಲ್ಲಿ ಇಂಥ ಪದ್ಧತಿಯು ನಡೆಯಿತು. ಇದರಿಂದ ಪಾಠವು ಯಾಂತ್ರಿಕವಾಗುವುದೆಂದು ಇಂಗ್ಲೆಂಡಿನಲ್ಲಿ ಶಾಲಾ ಇನ್‌ಸ್ಪೆಕ್ಟರರಾಗಿದ್ದ ಕವಿ ಮ್ಯಾಥ್ಯೂ ಆರ್ನಾಲ್ಡರು ಆಕ್ಷೇಪಿಸಿದರು. 1904ರಲ್ಲಿ ಭಾರತ ಸರಕಾರದ ವಿದ್ಯಾನೀತಿಯ ನಿರ್ಣಯವೂ ಈ ಪದ್ಧತಿಯನ್ನು ನಿರಾಕರಿಸಿತು.

ಬರಿಯ ಅಂಕಗಳಿಗಿಂತ ಅಂಕಗಳ ವೃದ್ಧಿಯನ್ನು ನೋಡುವುದು ಹೆಚ್ಚು ನ್ಯಾಯವೆಂಬುದು ನಿಜ. ಒಂದು ತರಗತಿಯ ಸರಾಸರಿ ಅಂಕವು ವರ್ಷಾರಂಭದಲ್ಲಿ 30, ಕೊನೆಯಲ್ಲಿ 48 ಆಗಿರಲಿ. ಇನ್ನೊಂದರದು 65ರಿಂದ 70ಕ್ಕೆ ಏರಲಿ. ಕೊನೆಯ ಅಂಕದಲ್ಲಿ ಎರಡನೆಯದು ಮೇಲು. ವೃದ್ಧಿಯಲ್ಲಿ ಮೊದಲನೆಯದೇ ಮೇಲು.

ಆದರೂ ಆ 18 ಅಂಕಗಳೆಲ್ಲವೂ ಉಪಾಧ್ಯಾಯಿನಿಯ ತರಬೇತಿಯಿಂದಲೇ ಬಂದವೆನ್ನಲಾಗದು. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡಿ, ಶಾಲೆಯಲ್ಲಿ ಕನ್ನಡವನ್ನು ಕಲಿಯುವ ಮಗುವಿನ ಮಾರ್ಗವೇ ಬೇರೆ. ಮನೆಯವರ ನೆರವು, ಹಾಜರಿ, ತರಗತಿಯ ಮಕ್ಕಳ ಸಂಖ್ಯೆ ಇವೆಲ್ಲವೂ ಅದರಲ್ಲಿ ಬೆರೆತಿವೆ. ಮಕ್ಕಳ ಅಂಕಗಳಲ್ಲಿ ಕಾಣುವ ವ್ಯತ್ಯಾಸದಲ್ಲಿ ಉಪಾಧ್ಯಾಯರಿಂದಾಗುವ ಪಾಲು ನೂರಕ್ಕೆ 1ರಿಂದ 14ರಷ್ಟೇ ಎಂದು ಹೆಚ್ಚಿನ ಅಧ್ಯಯನಗಳಲ್ಲಿ ಕಂಡುಬಂದುದಾಗಿ ಅಮೇರಿಕದ ಸಂಖ್ಯಾಶಾಸ್ತ್ರಜ್ಞರ ಸಂಘವು 2014ರಲ್ಲಿ ತಿಳಿಸಿತು. ಉಪಾಧ್ಯಾಯರ ಪಾಲೇ ಇಷ್ಟಾದರೆ, ಅವರು ಕಲಿತ ತರಬೇತು ಶಾಲೆಯ ಪಾಲನ್ನು ಬೇರ್ಪಡಿಸುವುದು ಇನ್ನೂ ಕಠಿಣವಲ್ಲವೇ? ಆ ದೇಶದಲ್ಲಿ ತರಬೇತು ಸಂಸ್ಥೆಗಳನ್ನು ಮಕ್ಕಳ ಕಲಿಕೆಯಿಂದಲೂ ಅಳೆಯಬೇಕೆಂದು 2016ರಲ್ಲಿ ಹೊರಟ ನಿಯಮವು 2017ರಲ್ಲೇ ರದ್ದಾಯಿತು.

ಇಲ್ಲಿ ಇನ್ನೊಂದು ಅಪಾಯವೂ ಇದೆ. ಅಂಕಗಳಿಂದಲೇ ಮಾನಾವಮಾನಗಳು ನಿರ್ಣಯವಾದರೆ, ಯಾವ ತರಬೇತು ಶಾಲೆಯು ತನ್ನ ಉತ್ತಮ ವಿದ್ಯಾರ್ಥಿನಿಯರನ್ನು ಬಡಮಕ್ಕಳ ಶಾಲೆಗಳಿಗೆ ಹೋಗಿರೆಂದು ಪ್ರೋತ್ಸಾಹಿಸೀತು? ಅಧಿಕ ನೆರವು ಬೇಕಾದ ಮಕ್ಕಳೇ ಅದರಿಂದ ವಂಚಿತರಾಗುವರು.

ಆದಕಾರಣ ಅಂಕಗಳ ವೃದ್ಧಿಯನ್ನು ಹಲವು ವರ್ಷ, ಹಲವು ಶಾಲೆಗಳಲ್ಲಿ ನೋಡತಕ್ಕದ್ದು. ಅದರೊಡನೆ ತರಗತಿಯಲ್ಲಿ ಕುಳಿತು ಪಾಠವನ್ನು ಕೇಳತಕ್ಕದ್ದು. ಮಕ್ಕಳ ನೋಟುಪುಸ್ತಕಗಳನ್ನು ತೆರೆದು ನೋಡತಕ್ಕದ್ದು. ವೃದ್ಧಿ ಕಡಮೆಯಾದಲ್ಲಿ ಕಾರಣವನ್ನು ವಿಚಾರಿಸಬೇಕೇ ಹೊರತು ಒಡನೆಯೇ ತೀರ್ಪನ್ನು ಕೊಡಬಾರದು. ಮುಂದೆ ಉಪಾಧ್ಯಾಯಿನಿಯರಾಗಲಿರುವ ವಿದ್ಯಾರ್ಥಿನಿಯರು ಈ ವಿವೇಕವನ್ನು ಈಗಲೇ ಅಭ್ಯಾಸಮಾಡಿಕೊಳ್ಳುವುದು ಒಳ್ಳೆಯದು.